ಮೂರು ಬೆರಳು, ಮೂರು ಧ್ವನಿ: ಮೇಜರ್ ಕಾರ್ಡ್ ಕಲಿಕೆಯ ಚರಿತ್ರೆ

ದೇವಾಲಯದ ಗಾನವೃಂದದಲ್ಲಿ ಹಾಡಿದವರಿಗೂ ಅದರ ಹಾಡು ಕೇಳುತ್ತ ಬೆಳೆದವರಿಗೂ ಮೇಜರ್ ಕಾರ್ಡ್ ಅಪರಿಚಿತವಲ್ಲ. ಹೆಸರು ತಿಳಿಯದಿರಬಹುದು, ನಾದ ಮಾತ್ರ ಕಿವಿಗೆ ಚೆನ್ನಾಗಿ ಗೊತ್ತು. ಗೀತೆಯ ಆರಂಭಕ್ಕೆ ಮುನ್ನ ವಾದಕರು ಮೂರು ಸ್ವರಗಳನ್ನು ಒಟ್ಟಿಗೆ ನುಡಿಸಿ ಶ್ರುತಿ ಕೊಡುತ್ತಾರೆ. ಗೀತೆ ಮುಗಿಯುವಾಗ ಅನೇಕ ವೇಳೆ ಅದೇ ಮೂರು ಸ್ವರಗಳಲ್ಲಿ ಬಂದು ನಿಲ್ಲುತ್ತಾರೆ. ಪಿಯಾನೊ ಕಲಿಯಲು ಕುಳಿತ ಮಗುವಿಗೆ ಮೊದಮೊದಲ ಪಾಠಗಳಲ್ಲೇ ಇದರ ಪರಿಚಯವಾಗುತ್ತದೆ. ಬಲಗೈಯ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳನ್ನು ಒಂದು ಬಿಳಿ ಮನೆ ಬಿಟ್ಟು ಮತ್ತೊಂದರ ಮೇಲಿಟ್ಟು ಒಟ್ಟಿಗೆ ಒತ್ತಿದರಾಯಿತು.

ಇಷ್ಟು ಸುಲಭವಾಗಿ ಕೈವಶವಾಗುವ ಈ ಮೂರು ಸ್ವರಗಳನ್ನು ಒಂದೇ ಘಟಕವೆಂದು ಗುರುತಿಸಿ ಅದಕ್ಕೊಂದು ಹೆಸರಿಡಲು ಯುರೋಪಿನ ಸಂಗೀತಕ್ಕೆ ಹಲವು ಶತಮಾನಗಳೇ ಬೇಕಾದವು. ಆ ದೀರ್ಘ ಪ್ರಯಾಣದಲ್ಲಿ ಮಠದ ಸಂನ್ಯಾಸಿಗಳೂ, ಗಾನಗುರುಗಳೂ, ಆರ್ಗನ್ ವಾದಕರೂ, ಅನಾಥಾಲಯದ ಮಕ್ಕಳೂ ಪಾಲುಗೊಂಡರು. ಈ ಲೇಖನದಲ್ಲಿ ನಾವು ಆ ಪ್ರಯಾಣವನ್ನು ಸಂಕ್ಷೇಪವಾಗಿ ನಿರೂಪಿಸಲು ಯತ್ನಿಸಿದ್ದೇವೆ. ಮೇಜರ್ ಕಾರ್ಡ್ ಮೊದಲು ಹುಟ್ಟಿದ್ದು ಹಾಡುವವರ ಕಂಠದಲ್ಲಿ. ಬೆರಳುಗಳು ಅದನ್ನು ಕಂಠದಿಂದ ಕಲಿತವು. ಕಲಿಯುವವರು ಈ ಕ್ರಮವನ್ನು ಮರೆತರೆ ಕೈಗೆ ಬರುವುದು ಬರಿಯ ಆಕಾರ ಮಾತ್ರ ಎಂಬುದು ನಮ್ಮ ಅಭಿಪ್ರಾಯ.

ಕೈಗೆ ಬರುವ ಲೆಕ್ಕ

ಪಿಯಾನೊದಲ್ಲಿ ಒಂದು ಸಪ್ತಕಕ್ಕೆ ಏಳು ಬಿಳಿ, ಐದು ಕಪ್ಪು, ಹೀಗೆ ಒಟ್ಟು 12 ಮನೆಗಳು. ಇವುಗಳಲ್ಲಿ ಯಾವುದನ್ನಾದರೂ ಆಧಾರವಾಗಿಟ್ಟುಕೊಂಡು, ಕಪ್ಪು ಬಿಳಿ ಎಂಬ ಭೇದವೆಣಿಸದೆ ನಾಲ್ಕು ಮನೆ ಮೇಲೇರಿದರೆ ಎರಡನೆಯ ಸ್ವರ, ಅಲ್ಲಿಂದ ಮತ್ತೆ ಮೂರು ಮನೆ ಏರಿದರೆ ಮೂರನೆಯ ಸ್ವರ ಸಿಗುತ್ತದೆ. ಸಿ ಎಂಬ ಸ್ವರದಿಂದ ಹೊರಟರೆ ಇ ಮತ್ತು ಜಿ ದೊರೆಯುತ್ತವೆ. ನಮ್ಮ ಸಂಗೀತದ ಮಾತಿನಲ್ಲಿ ಹೇಳುವುದಾದರೆ ಷಡ್ಜ, ಅಂತರ ಗಾಂಧಾರ, ಪಂಚಮ. ಈ ಎಣಿಕೆಯನ್ನು ತಿರುವುಮುರುವು ಮಾಡಿ ಮೊದಲು ಮೂರು, ಅನಂತರ ನಾಲ್ಕು ಮನೆ ಏರಿದರೆ ಸಾಧಾರಣ ಗಾಂಧಾರದ ಮೈನರ್ ಕಾರ್ಡ್ ಆಗುತ್ತದೆ. ಹೊರಗಿನ ಎರಡು ಸ್ವರಗಳು ಅವೇ. ನಡುವಿನ ಬೆರಳು ಒಂದು ಮನೆ ಕೆಳಗಿಳಿದುದಷ್ಟೇ ವ್ಯತ್ಯಾಸ. ಅಷ್ಟರಿಂದಲೇ ಪ್ರಸನ್ನತೆ ಹೋಗಿ ವಿಷಾದ ಆವರಿಸುತ್ತದೆ.

ಹನ್ನೆರಡು ಮನೆಗಳಿಂದ ಹನ್ನೆರಡು ಮೇಜರ್ ಕಾರ್ಡ್‌ಗಳು. ಕೈಯ ದೃಷ್ಟಿಯಿಂದ ಇವು ಮೂರು ಮೂರರಂತೆ ನಾಲ್ಕು ಗುಂಪುಗಳಾಗುತ್ತವೆ. ಸಿ, ಎಫ್, ಜಿ ಕಾರ್ಡ್‌ಗಳಲ್ಲಿ ಮೂರೂ ಬಿಳಿ ಮನೆಗಳೇ. ಡಿ, ಇ, ಎ ಕಾರ್ಡ್‌ಗಳಲ್ಲಿ ಅಂಚಿನವು ಬಿಳಿ, ನಡುವಿನದು ಕಪ್ಪು. ಡಿ ಫ್ಲಾಟ್, ಇ ಫ್ಲಾಟ್, ಎ ಫ್ಲಾಟ್‌ಗಳಲ್ಲಿ ಇದಕ್ಕೆ ವಿರುದ್ಧವಾಗಿ ಅಂಚಿನವು ಕಪ್ಪು, ನಡುವಿನದು ಬಿಳಿ. ಉಳಿದ ಮೂರು ತಮ್ಮದೇ ದಾರಿ ಹಿಡಿಯುತ್ತವೆ: ಜಿ ಫ್ಲಾಟ್‌ನಲ್ಲಿ ಎಲ್ಲವೂ ಕಪ್ಪು, ಬಿ ಕಾರ್ಡಿನಲ್ಲಿ ಕೆಳಗಿನದು ಬಿಳಿ, ಉಳಿದೆರಡು ಕಪ್ಪು, ಬಿ ಫ್ಲಾಟ್‌ನಲ್ಲಿ ಕೆಳಗಿನದು ಕಪ್ಪು, ಉಳಿದೆರಡು ಬಿಳಿ. ಇಷ್ಟನ್ನು ಚುರುಕಾದ ವಿದ್ಯಾರ್ಥಿ ಕೆಲವೇ ದಿನಗಳಲ್ಲಿ ಕಲಿತುಬಿಡಬಲ್ಲನು. ಆದರೆ ನಡುವಿನ ಆ ಗಾಂಧಾರ ಅಲ್ಲಿಗೆ ಬಂದು ಸೇರಿದ ಬಗೆಯೇ ಒಂದು ದೊಡ್ಡ ಚರಿತ್ರೆ.

ಗಾಂಧಾರಕ್ಕೆ ದೊರೆತ ಸ್ಥಾನ

ಪ್ರಾಚೀನ ಗ್ರೀಸಿನ ಪೈಥಾಗೊರಸನ ಪರಂಪರೆಯನ್ನು ಅನುಸರಿಸಿದ ಮಧ್ಯಯುಗದ ವಿದ್ವಾಂಸರು ಷಡ್ಜದೊಡನೆ ಮೇಲಿನ ಷಡ್ಜ, ಪಂಚಮ ಮತ್ತು ಮಧ್ಯಮಗಳನ್ನು ಮಾತ್ರ ಪೂರ್ಣ ಸಂವಾದಿಗಳೆಂದು ಒಪ್ಪಿದ್ದರು. ಪಂಚಮದ ಮೇಲೆ ಪಂಚಮವನ್ನು ಕಟ್ಟುತ್ತ ಹೋಗುವ ಅವರ ಲೆಕ್ಕದಲ್ಲಿ ಗಾಂಧಾರದ ಪ್ರಮಾಣ 81:64 ಎಂದಾಗುತ್ತಿತ್ತು. ಇದು ಕಿವಿ ಬಯಸುವ 80:64, ಅಂದರೆ 5:4 ಎಂಬ ಸರಳ ಪ್ರಮಾಣಕ್ಕಿಂತ ತುಸು ಹೆಚ್ಚು. ದೀರ್ಘವಾಗಿ ಹಿಡಿದ ಸ್ವರದಲ್ಲಿ ಆ ತುಸುವೂ ಕರ್ಕಶವಾಗಿ ಕೇಳುತ್ತದೆ. ಹೀಗಾಗಿ ಗಾಂಧಾರವು ದಾರಿಯಲ್ಲಿ ಬಂದು ಹೋಗಬಹುದಾದ ಸ್ವರವಾಗಿತ್ತು. ಗಾನವು ಬಂದು ವಿಶ್ರಮಿಸುವ ಸ್ವರವಾಗಿರಲಿಲ್ಲ.

ಆ ಕಾಲದಲ್ಲಿಯೂ ಸಂಗೀತ ಪಾಠಕ್ಕೆ ಕೈ ನೆರವಾಗುತ್ತಿತ್ತು. ಸುಮಾರು 1026ರಲ್ಲಿ 'ಮಿಕ್ರೊಲೊಗುಸ್' ಎಂಬ ಗ್ರಂಥ ರಚಿಸಿದ ಅರೆಟ್ಸೊ ನಗರದ ಗ್ವೀದೊ ಎಂಬ ಸಂನ್ಯಾಸಿಗಳು ಸ್ನಾನಿಕ ಅರುಳಪ್ಪನವರ ಸ್ತೋತ್ರಗೀತೆಯೊಂದರ ಆರು ಸಾಲುಗಳು ಒಂದೊಂದು ಸ್ವರ ಮೇಲೇರಿ ಆರಂಭವಾಗುವುದನ್ನು ಬಳಸಿಕೊಂಡು ಉತ್, ರೆ, ಮಿ, ಫಾ, ಸೊಲ್, ಲಾ ಎಂಬ ಸಂಜ್ಞೆಗಳನ್ನು ಬಳಕೆಗೆ ತಂದರು. ಎಡಗೈಯ ಬೆರಳುಗಳ ಗೆಣ್ಣುಗೆಣ್ಣಿಗೂ ಒಂದೊಂದು ಸ್ವರವನ್ನು ಗುರುತಿಸಿ ಕಲಿಸುವ ಪದ್ಧತಿಯೂ ಅವರ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ. ಆ ಕೈ ವಾದ್ಯವನ್ನು ಮುಟ್ಟುತ್ತಿರಲಿಲ್ಲ. ಕಂಠಕ್ಕೆ ದಾರಿ ತೋರಿಸುತ್ತಿತ್ತು.

ಗಾಂಧಾರದ ಪರವಾಗಿ ಮೊದಲು ನಿಂತವರು ಹಾಡುಗಾರರೇ. ಇಂಗ್ಲೆಂಡಿನ ಈವ್‌ಶಮ್ ಮಠದ ವಾಲ್ಟರ್ ಓಡಿಂಗ್ಟನ್ ಎಂಬ ಸಂನ್ಯಾಸಿಗಳು ಸುಮಾರು 1300ರಲ್ಲಿ ಬರೆಯುತ್ತ, ಲೆಕ್ಕದಲ್ಲಿ ಗಾಂಧಾರ ಒರಟಾಗಿದ್ದರೂ ಅದು 5:4ಕ್ಕೆ ಬಹಳ ಸಮೀಪವಾಗಿದೆಯೆಂದೂ, ಗಾಯಕರ ಕಂಠವೇ ಅದನ್ನು ಇಂಪಾಗಿಸುತ್ತದೆಯೆಂದೂ ಗುರುತಿಸಿದರು. ಶಾಸ್ತ್ರ ಒಪ್ಪದುದನ್ನು ಕಂಠ ತಾನಾಗಿ ತಿದ್ದಿಕೊಳ್ಳುತ್ತಿತ್ತು. ನಮ್ಮ ಓದುಗರಿಗೆ ಇದು ವಿಚಿತ್ರವೆನಿಸದು. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯ ಮಂದ್ರ ಷಡ್ಜದ ತಂತಿಯನ್ನು ಮೀಟಿದಾಗ, ಯಾರೂ ಮೀಟದ ಗಾಂಧಾರವೊಂದು ಕೇಳಿಬರುತ್ತದೆ. ಸ್ವಯಂಭೂ ಗಾಂಧಾರವೆಂದು ನಮ್ಮ ಸಂಗೀತಗಾರರು ಕರೆಯುವ ಆ ಸ್ವರ ತಂತಿಯು ಐದು ಸಮಭಾಗಗಳಾಗಿಯೂ ಕಂಪಿಸುವುದರಿಂದ ಹುಟ್ಟುತ್ತದೆ. ಓಡಿಂಗ್ಟನ್ನರು ಕೇಳಿದ ಗಾಂಧಾರವೂ ಇದೇ ಪ್ರಮಾಣದ್ದು.

15ನೆಯ ಶತಮಾನದಲ್ಲಿ ಜಾನ್ ಡನ್‌ಸ್ಟೇಬಲ್ ಮುಂತಾದ ಇಂಗ್ಲಿಷ್ ರಚನಕಾರರ ಈ ಮಾಧುರ್ಯ ಯುರೋಪಿನ ನಡುನಾಡನ್ನು ಮುಟ್ಟಿತು. 1436ರ ಮಾರ್ಚ್ 25ರಂದು ಫ್ಲಾರೆನ್ಸಿನ ಪ್ರಧಾನಾಲಯದ ಪ್ರತಿಷ್ಠಾಪನೆಗಾಗಿ ಗೀತೆ ರಚಿಸಿದ ಗಿಯೋಮ್ ದ್ಯುಫಾಯ್ ಅವರೂ ಆ ಶೈಲಿಯಿಂದ ಪ್ರಭಾವಿತರಾದವರು. ಆದರೂ ಆ ಕಾಲದ ರಚನೆಗಳು ನಡುವೆ ಎಷ್ಟೇ ಗಾಂಧಾರಗಳಿಂದ ತುಂಬಿದ್ದರೂ ಕೊನೆಯ ಸ್ವರಕೂಟದಲ್ಲಿ ಸಾಮಾನ್ಯವಾಗಿ ಷಡ್ಜ ಪಂಚಮಗಳಷ್ಟೇ ಉಳಿಯುತ್ತಿದ್ದವು. 16ನೆಯ ಶತಮಾನದಲ್ಲಿ ಆ ಕೊನೆಯ ಸ್ಥಾನವೂ ಗಾಂಧಾರಕ್ಕೆ ದೊರೆಯತೊಡಗಿತು. ಮೈನರ್ ಛಾಯೆಯಲ್ಲಿ ಸಾಗಿದ ರಚನೆಯನ್ನೂ ಮೇಜರ್ ಕಾರ್ಡಿನಲ್ಲಿ ಮುಗಿಸುವುದು ವಾಡಿಕೆಯಾಯಿತು. ಪ್ರಧಾನಾಲಯಗಳು ಹೆಚ್ಚಾಗಿದ್ದ ಪಿಕಾರ್ಡಿ ಪ್ರಾಂತದಲ್ಲಿ ಈ ವಾಡಿಕೆ ಬಹುಕಾಲ ಉಳಿಯಿತೆಂದು ಹೇಳಿ ರೂಸೊ ಅವರು ತಮ್ಮ ಸಂಗೀತ ನಿಘಂಟಿನಲ್ಲಿ ಇದನ್ನು 'ಪಿಕಾರ್ಡಿಯ ಗಾಂಧಾರ' ಎಂದು ಕರೆದಿದ್ದಾರೆ.

ಶಾಸ್ತ್ರ ಹಿಂದಿನಿಂದ ಬಂದಿತು

ಕಂಠ ಒಪ್ಪಿದುದನ್ನು ವಾದ್ಯವೂ ಶಾಸ್ತ್ರವೂ ಒಪ್ಪಬೇಕಾಯಿತು. 1523ರಲ್ಲಿ ಪಿಯೆತ್ರೊ ಆರೊನ್ ಅವರು ಮನೆವಾದ್ಯಗಳ ಶ್ರುತಿ ಕೂಡಿಸುವಾಗ ಗಾಂಧಾರ ಇಂಪಾಗುವಂತೆ ಪಂಚಮವನ್ನು ಕಿಂಚಿತ್ ತಗ್ಗಿಸುವ ಕ್ರಮವನ್ನು ವಿವರಿಸಿದರು. 1558ರಲ್ಲಿ ಫ್ರಾನ್ಸಿಸ್ಕನ್ ಗುರು ಜೊಸೆಫೊ ಜಾರ್ಲೀನೊ ಅವರ ಮಹಾಗ್ರಂಥ ವೆನಿಸ್ಸಿನಲ್ಲಿ ಪ್ರಕಟವಾಯಿತು. ಒಂದರಿಂದ ಆರರವರೆಗಿನ ಸಂಖ್ಯೆಗಳಲ್ಲಿಯೇ ಎಲ್ಲ ಸಂವಾದಿಗಳೂ ಅಡಗಿವೆಯೆಂದು ಅವರು ಪ್ರತಿಪಾದಿಸಿದರು. ಮೇಜರ್ ಕಾರ್ಡಿನ ಪ್ರಮಾಣ 4:5:6. ಕೆಳಗಿನ ಸ್ವರ ನಾಲ್ಕು ಬಾರಿ ಕಂಪಿಸುವಷ್ಟರಲ್ಲಿ ನಡುವಿನದು ಐದು ಬಾರಿ, ಮೇಲಿನದು ಆರು ಬಾರಿ ಕಂಪಿಸುತ್ತದೆ. ದೊಡ್ಡ ಗಾಂಧಾರ ಕೆಳಗಿದ್ದರೆ ಹರ್ಷ, ಮೇಲಿದ್ದರೆ ಶೋಕ ಎಂಬ ಅವರ ಮಾತನ್ನೇ ಇಂದಿಗೂ ಮಕ್ಕಳ ಪಾಠಗಳಲ್ಲಿ ಕೇಳುತ್ತೇವೆ.

ಮೂರು ಸ್ವರಗಳ ಈ ಕೂಟಕ್ಕೆ ಲ್ಯಾಟಿನಿನಲ್ಲಿ 'ತ್ರಿಯಾಸ್ ಹಾರ್ಮೊನಿಕಾ' ಎಂಬ ಹೆಸರನ್ನು ನೆಲೆಗೊಳಿಸಿದವರು ಯೊಹಾನೆಸ್ ಲಿಪ್ಪಿಯುಸ್ ಎಂಬ ತರುಣ ಲೂಥರನ್ ದೈವಶಾಸ್ತ್ರಿಗಳು. 1612ರಲ್ಲಿ, ತಾವು ಕಾಲವಾದ ವರ್ಷದಲ್ಲಿಯೇ, ಪ್ರಕಟವಾದ ಕೃತಿಯಲ್ಲಿ ಅವರು ಮೂರಾಗಿದ್ದೂ ಒಂದಾಗಿ ಕೇಳುವ ಈ ನಾದವನ್ನು ಪವಿತ್ರ ತ್ರಿತ್ವದ ಛಾಯೆಯೆಂದು ಬಣ್ಣಿಸಿದರು. ಸಾಮ್ಯವನ್ನು ಓದುಗರು ಹೇಗೆ ಬೇಕಾದರೂ ಎಣಿಸಲಿ, ಒಂದು ಸಂಗತಿ ಗಮನಾರ್ಹ. ಗಾಯಕರು ಶತಮಾನಗಳಿಂದ ಹಾಡುತ್ತಿದ್ದ ಕೂಟಕ್ಕೆ ವಿದ್ವಾಂಸರು ಹೆಸರಿಟ್ಟಿದ್ದು ಬಹಳ ತಡವಾಗಿ.

ಗಾಯಕರ ಕೊರತೆ ಕಲಿಸಿದ ಪಾಠ

ಹಾಗಾದರೆ ಕಂಠಗಳ ಕೂಟ ಒಬ್ಬ ವಾದಕನ ಕೈಗೆ ಬಂದುದು ಹೇಗೆ? ಇದಕ್ಕೆ ಕಾರಣ ಎಲ್ಲ ಊರುಗಳ ಗಾನವೃಂದಗಳೂ ಬಲ್ಲ ಒಂದು ಸಂಕಟ: ಹಾಡುವವರು ಸಾಲದು. ಐದರಿಂದ ಎಂಟು ಧ್ವನಿಗಳಿಗಾಗಿ ರಚಿಸಿದ ಗೀತೆಗಳನ್ನು ಇಬ್ಬರೋ ಮೂವರೋ ಹಾಡಬೇಕಾಗಿ ಬಂದಾಗ ನಡುನಡುವೆ ಸ್ವರಗಳು ಬಿಟ್ಟುಹೋಗಿ ಗೀತೆ ತೂತುಬಿದ್ದ ಬಟ್ಟೆಯಂತಾಗುತ್ತಿತ್ತು. ಇದನ್ನು ಕಂಡ ಲೊದೊವಿಕೊ ವಿಯಾದಾನ ಎಂಬ ಫ್ರಾನ್ಸಿಸ್ಕನ್ ಗುರುಗಳು 1602ರಲ್ಲಿ ನೂರು ದೇವಾಲಯ ಗೀತೆಗಳ ಸಂಕಲನವೊಂದನ್ನು ಪ್ರಕಟಿಸಿದರು. ಅವು ಒಂದು, ಎರಡು, ಮೂರು ಅಥವಾ ನಾಲ್ಕು ಕಂಠಗಳಿಗಾಗಿಯೇ ರಚಿಸಿದವು. ಉಳಿದುದನ್ನು ತುಂಬುವ ಹೊಣೆ ಆರ್ಗನ್ ವಾದಕನದು. ಅವನ ಮುಂದೆ ಕೆಳಸ್ವರದ ಒಂದೇ ಸಾಲು ಇರುತ್ತಿತ್ತು.

ಈ ಪದ್ಧತಿ ಬೆಳೆದಂತೆ ಕೆಳಸ್ವರದ ಮೇಲೆ ಅಂಕಿಗಳನ್ನು ಗುರುತಿಸುವ ರೂಢಿ ಹಬ್ಬಿತು. ಆರು ಎಂಬ ಅಂಕಿ ಇದ್ದರೆ ಒಂದು ಬಗೆ, ಏಳು ಎಂದಿದ್ದರೆ ಇನ್ನೊಂದು ಬಗೆ. ಅಂಕಿಯೇ ಇಲ್ಲದಿದ್ದರೆ ಮೂರನೆಯ ಮತ್ತು ಐದನೆಯ ಸ್ವರಗಳನ್ನು ಸೇರಿಸಬೇಕೆಂದು ಅರ್ಥ. ಗಾಂಧಾರ ಪಂಚಮಗಳ ಕೂಟ ಈಗ ಹೇಳದೆಯೇ ತಿಳಿಯಬೇಕಾದ ಸಹಜ ಸ್ಥಿತಿಯಾಗಿತ್ತು. ಒಂದು ಕಾಲದಲ್ಲಿ ಬಾಗಿಲ ಹೊರಗಿದ್ದ ಗಾಂಧಾರ ಮನೆಯವನೇ ಆಗಿಬಿಟ್ಟಿತು.

ನೇಪಲ್ಸಿನ ಮಕ್ಕಳು

ಈ ವಿದ್ಯೆಯನ್ನು ಮಕ್ಕಳ ಕೈಗೆ ತಲುಪಿಸಿದ ಕೀರ್ತಿಯಲ್ಲಿ ಬಹುಪಾಲು ಇಟಲಿಯ ನೇಪಲ್ಸ್ ನಗರಕ್ಕೆ ಸಲ್ಲಬೇಕು. ಇಂದು ಸಂಗೀತ ಶಾಲೆಗೆ ಬಳಸುವ 'ಕನ್ಸರ್ವೇಟರಿ' ಎಂಬ ಪದಕ್ಕೆ ಮೂಲದಲ್ಲಿ ಸಂಗೀತದ ಅರ್ಥವೇ ಇರಲಿಲ್ಲ. ಕಾಪಾಡುವ ಮನೆ ಎಂದು ಅದರ ಅರ್ಥ. 16ನೆಯ ಶತಮಾನದಲ್ಲಿ ನೇಪಲ್ಸಿನ ಬೀದಿಪಾಲಾದ ಹುಡುಗರಿಗೆ ಅನ್ನ, ಆಶ್ರಯ, ಕಸುಬು ಕೊಡಲು ಧಾರ್ಮಿಕ ಸಂಸ್ಥೆಗಳಾಗಿ ಹುಟ್ಟಿದ ಇಂಥ ನಾಲ್ಕು ಮನೆಗಳು ಹೆಸರಾಗಿವೆ: ಸಾಂತಾ ಮರಿಯಾ ದಿ ಲೊರೆತೊ, ಪಿಯೆತಾ ದೇಯಿ ತುರ್ಕೀನಿ, ಸಾಂತ್ ಒನೊಫ್ರಿಯೊ, ಮತ್ತು ಯೇಸುಕ್ರಿಸ್ತರ ಬಡವರು ಎಂಬ ಅರ್ಥದ ಪೊವೆರಿ ದಿ ಜೆಸು ಕ್ರಿಸ್ತೊ. ಎರಡನೆಯದಕ್ಕೆ ಆ ಹೆಸರು ಬಂದುದು ಹುಡುಗರ ನೀಲಿ ಉಡುಪಿನಿಂದ. 17ನೆಯ ಶತಮಾನದಲ್ಲಿ ಇವುಗಳ ಮುಖ್ಯ ಕಸುಬು ಸಂಗೀತವೇ ಆಯಿತು. ಮೆರವಣಿಗೆಗಳಲ್ಲಿ, ಹಬ್ಬದ ಪೂಜೆಗಳಲ್ಲಿ, ಶವಯಾತ್ರೆಗಳಲ್ಲಿ ಮಕ್ಕಳು ಹಾಡಿ ನುಡಿಸಿ ಗಳಿಸಿದ ಹಣದಿಂದ ಆ ಮನೆಗಳ ಖರ್ಚಿನ ಒಂದು ಭಾಗ ನಡೆಯುತ್ತಿತ್ತು. ಆದುದರಿಂದ ಸ್ವರಕೂಟವನ್ನು ಬೇಗ, ತಪ್ಪಿಲ್ಲದೆ ಕಲಿಯುವುದು ಆ ಹುಡುಗರಿಗೆ ವಿನೋದದ ಮಾತಾಗಿರಲಿಲ್ಲ, ಅನ್ನದ ಮಾತಾಗಿತ್ತು.

ಅವರ ಪಾಠಕ್ರಮ ಗಮನಿಸತಕ್ಕದ್ದು. ವಾದ್ಯಕ್ಕೆ ಕೈಯಿಡುವ ಮುನ್ನ ಸ್ವರಪಾಠಗಳನ್ನು ದೀರ್ಘಕಾಲ ಹಾಡಬೇಕಿತ್ತು. ಅನಂತರ ಹಾರ್ಪ್‌ಸಿಕಾರ್ಡ್ ಎಂಬ ಮನೆವಾದ್ಯದ ಮುಂದೆ 'ಪಾರ್ತಿಮೆಂತೊ' ಎಂಬ ಅಭ್ಯಾಸ. ಎಡಗೈಗೆ ಒಂದು ಕೆಳಸ್ವರದ ಸಾಲನ್ನು ಕೊಟ್ಟು, ಬಲಗೈಗೆ ಬೇಕಾದುದನ್ನು ವಿದ್ಯಾರ್ಥಿಯೇ ಕಿವಿಯಿಂದಲೂ ಯುಕ್ತಿಯಿಂದಲೂ ಕಂಡುಕೊಳ್ಳುವಂತೆ ಮಾಡುವುದೇ ಇದರ ಗುಟ್ಟು. ಒಂದೇ ಮೇಜರ್ ಕಾರ್ಡನ್ನು ಬಲಗೈಯಲ್ಲಿ ಮೂರು ಸ್ಥಾನಗಳಿಂದ ನುಡಿಸಬೇಕು: ಷಡ್ಜ ಮೇಲಿರುವಂತೆ, ಗಾಂಧಾರ ಮೇಲಿರುವಂತೆ, ಪಂಚಮ ಮೇಲಿರುವಂತೆ. ಆಮೇಲೆ ಕೆಳಸ್ವರ ಸ ರಿ ಗ ಮ ಎಂದು ಏರುತ್ತ ಇಳಿಯುತ್ತ ಹೋದಾಗ ಒಂದೊಂದು ಮೆಟ್ಟಿಲಿಗೂ ಯಾವ ಕೂಟ ಹೊಂದುತ್ತದೆ ಎಂಬ 'ಸಪ್ತಕದ ನಿಯಮ'ವನ್ನು ಬಾಯಿಪಾಠದಂತೆ ಕೈಪಾಠ ಮಾಡಬೇಕು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಫ್ರಾಂಚೆಸ್ಕೊ ದುರಾಂತೆ ಅವರಂಥ ಮಹಾಗುರುಗಳು ಈ ಕ್ರಮದಲ್ಲಿ ಪಾಠ ಹೇಳಿದರು. ಅವರ ಪರಂಪರೆಯ ಫೆದೆಲೆ ಫೆನರೋಲಿ ಅವರ ನಿಯಮಗಳ ಪುಸ್ತಕ 1775ರಲ್ಲಿ ಅಚ್ಚಾಯಿತು.

1770ರ ಶರತ್ಕಾಲದಲ್ಲಿ ಸಾಂತ್ ಒನೊಫ್ರಿಯೊಗೆ ಭೇಟಿ ಕೊಟ್ಟ ಇಂಗ್ಲೆಂಡಿನ ಸಂಗೀತ ಚರಿತ್ರಕಾರ ಚಾರ್ಲ್ಸ್ ಬರ್ನಿ ಅಲ್ಲಿಯ ದೃಶ್ಯವನ್ನು ವಿವರವಾಗಿ ಬರೆದಿಟ್ಟಿದ್ದಾರೆ. ಒಂದೇ ಕೋಣೆಯಲ್ಲಿ ಏಳೆಂಟು ಹಾರ್ಪ್‌ಸಿಕಾರ್ಡ್‌ಗಳು, ಅದಕ್ಕಿಂತ ಹೆಚ್ಚು ಪಿಟೀಲುಗಳು, ಜೊತೆಗೆ ಹಾಡುವವರು. ಒಬ್ಬೊಬ್ಬರದು ಒಂದೊಂದು ಪಾಠ, ಒಂದೊಂದು ಶ್ರುತಿ. ಮಲಗುವ ಮಂಚಗಳೇ ವಾದ್ಯದ ಮುಂದಿನ ಪೀಠಗಳು. ಮೆಟ್ಟಿಲ ಮೇಲೆ ಒಬ್ಬ ತುತ್ತೂರಿ ಊದುತ್ತಿದ್ದ. ಚಳಿಗಾಲದಲ್ಲಿ ಮಕ್ಕಳು ಬೆಳಕು ಹರಿಯುವ ಎರಡು ಗಂಟೆ ಮುಂಚೆ ಎದ್ದು, ಊಟದ ಬಿಡುವನ್ನು ಬಿಟ್ಟರೆ ರಾತ್ರಿ ಎಂಟರವರೆಗೆ ಅಭ್ಯಾಸ ಮಾಡುತ್ತಿದ್ದರು. ಇಂಥ ಬಾಲ್ಯವನ್ನು ನಾವು ಸುಖಮಯವೆಂದು ಹೊಗಳಲಾರೆವು. ಆದರೆ ಇದೇ ಮನೆಗಳಿಂದ ಪೆರ್ಗೊಲೇಸಿ ಬಂದರು. ಗಾರೆ ಕೆಲಸದವನ ಮಗ ಚಿಮರೋಸ ಬಂದರು. ವೆನಿಸ್ಸಿನಲ್ಲಿ ಹೆಣ್ಣುಮಕ್ಕಳಿಗಾಗಿ ಇದ್ದ ಇಂಥದೇ ಆಶ್ರಯಗಳಲ್ಲಿ ಒಂದಾದ ಪಿಯೆತಾದಲ್ಲಿ 1703ರಿಂದ ಪಾಠ ಹೇಳಿದವರು ಗುರು ಅಂತೋನಿಯೊ ವಿವಾಲ್ದಿ. ನೇಪಲ್ಸಿನ ಮನೆಗಳು ಮುಂದೆ ಒಂದುಗೂಡಿ 1826ರಲ್ಲಿ ಸಾನ್ ಪಿಯೆತ್ರೊ ಆ ಮಯೆಲ್ಲಾ ಕಟ್ಟಡಕ್ಕೆ ಬಂದವು. ಮರೆತುಹೋಗಿದ್ದ ಅವರ ಪಾಠಕ್ರಮವನ್ನು ಈ 21ನೆಯ ಶತಮಾನದಲ್ಲಿ ವಿದ್ವಾಂಸರು ಹಸ್ತಪ್ರತಿಗಳಿಂದ ಮತ್ತೆ ಬೆಳಕಿಗೆ ತಂದಿದ್ದಾರೆ.

1722ರ ವರ್ಷ ಮತ್ತು ಪಿಯಾನೊ

ಕೈ ಬಲ್ಲದ್ದನ್ನು ಬುದ್ಧಿಗೆ ಸ್ಪಷ್ಟವಾಗಿ ತಿಳಿಸಿದವರು ಫ್ರಾನ್ಸಿನ ಕ್ಲೆರ್ಮೊಂ ಪ್ರಧಾನಾಲಯದ ಆರ್ಗನ್ ವಾದಕ ಜಾಂ ಫಿಲಿಪ್ ರಾಮೊ. 1722ರಲ್ಲಿ ಪ್ರಕಟವಾದ ಅವರ ಗ್ರಂಥದ ಸಾರ ಸರಳ: ಸಿ ಇ ಜಿ, ಇ ಜಿ ಸಿ, ಜಿ ಸಿ ಇ, ಈ ಮೂರೂ ಒಂದೇ ಕಾರ್ಡ್. ಯಾವ ಸ್ವರ ಕೆಳಗಿದ್ದರೂ ಮೂಲ ಸಿ. ಇಂದು ನಾವು ಇದನ್ನು 'ಸಿ ಮೇಜರ್' ಎಂದು ಒಂದೇ ಹೆಸರಿನಿಂದ ಕರೆಯುವುದರ ಹಿಂದೆ ರಾಮೊ ಅವರ ವಿಚಾರವಿದೆ. ಅದೇ 1722ರಲ್ಲಿ ಜರ್ಮನಿಯಲ್ಲಿ ಬಾಖ್ ಅವರು ಎಲ್ಲ ಶ್ರುತಿಗಳಿಗೂ ಒಂದೊಂದು ರಚನೆಯಿರುವ ಸಂಕಲನವನ್ನು ಸಿದ್ಧಪಡಿಸಿದರು. ಅದರ ಮೊದಲ ರಚನೆ ಸಿ ಮೇಜರ್ ಕಾರ್ಡನ್ನು ಒಂದೊಂದೇ ಸ್ವರವಾಗಿ ಬಿಡಿಸಿ ನುಡಿಸುವುದರಿಂದ ಆರಂಭವಾಗುತ್ತದೆ. 1853ರಲ್ಲಿ ಗೂನೊ ಅವರು ಇದರ ಮೇಲೆಯೇ ಒಂದು ಮಧುರ ರಾಗವನ್ನು ಕೂಡಿಸಿದರು. ಮದುವೆಯ ಪೂಜೆಗಳಲ್ಲಿ ನಾವು ಕೇಳುವ 'ಆವೆ ಮರಿಯ' ಅದೇ.

ಈ ವೇಳೆಗೆ ಪಿಯಾನೊ ಹುಟ್ಟಿತ್ತು. ಫ್ಲಾರೆನ್ಸಿನ ಮೆದಿಚಿ ಅರಮನೆಯ ವಾದ್ಯ ತಯಾರಕ ಬಾರ್ತೊಲೊಮೆಯೊ ಕ್ರಿಸ್ತೊಫೊರಿ 1700ರ ಹೊತ್ತಿಗೆ ತಂತಿಯನ್ನು ಪುಟ್ಟ ಸುತ್ತಿಗೆಯಿಂದ ಹೊಡೆಯುವ ಯಂತ್ರವನ್ನು ನಿರ್ಮಿಸಿದ್ದರು. 1720ರಲ್ಲಿ ಅವರು ಮಾಡಿದ ವಾದ್ಯವೊಂದು ಇಂದಿಗೂ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿದೆ. ಆರ್ಗನ್ನಿನಲ್ಲಿ ಮೂರು ಮನೆ ಒತ್ತಿದರೆ ಮೂರೂ ಒಂದೇ ಬಲದಿಂದ ನುಡಿಯುತ್ತವೆ. ಪಿಯಾನೊದಲ್ಲಿ ಹಾಗಲ್ಲ. ಹೆಬ್ಬೆರಳು ಭಾರವಾದರೆ ಕೆಳಸ್ವರ ಗದರುತ್ತದೆ, ಕಿರುಬೆರಳು ಸೋತರೆ ಮೇಲಿನ ಧ್ವನಿ ಅಡಗಿಹೋಗುತ್ತದೆ. ಒಂದು ಕಾರ್ಡನ್ನು ಚೆನ್ನಾಗಿ ನುಡಿಸುವುದೆಂದರೆ ಮೂವರು ಗಾಯಕರನ್ನು ಸಮನ್ವಯಗೊಳಿಸಿದಂತೆಯೇ. ಹನ್ನೆರಡು ಶ್ರುತಿಗಳೂ ಸಮಾನವಾಗಿ ಬಳಕೆಯಾಗಲೆಂದು ಪಿಯಾನೊ ಒಂದು ಬೆಲೆಯನ್ನೂ ತೆತ್ತಿದೆ. ಎರಡು ಮನೆಗಳ ಅಂತರವನ್ನು ನೂರು ಭಾಗವೆಂದು ಎಣಿಸಿದರೆ ಅದರ ಗಾಂಧಾರ ಸಹಜ ಗಾಂಧಾರಕ್ಕಿಂತ ಸುಮಾರು 14 ಭಾಗ ಮೇಲಿದೆ. ವಾದ್ಯವಿಲ್ಲದೆ ಹಾಡುವ ಒಳ್ಳೆಯ ಗಾನವೃಂದ ಇಂದಿಗೂ ಅದನ್ನು ತಗ್ಗಿಸಿ ಹಾಡುತ್ತದೆ.

ನಮ್ಮ ನೆಲದಲ್ಲಿ

ಪಿಯಾನೊ ಮನೆಗಳನ್ನೂ ಶಾಲೆಗಳನ್ನೂ ತುಂಬಿದರೂ ದೇವಾಲಯದ ಬಾಗಿಲು ಅದಕ್ಕೆ ಬಹುಕಾಲ ತೆರೆಯಲಿಲ್ಲ. 1903ರ ನವೆಂಬರ್ 22ರಂದು ಜಗದ್ಗುರು ಹತ್ತನೆಯ ಪಿಯುಸ್ ಅವರು ಹೊರಡಿಸಿದ ಆದೇಶ ದೇವಾಲಯದಲ್ಲಿ ಪಿಯಾನೊ ನುಡಿಸುವುದನ್ನು ಸ್ಪಷ್ಟವಾಗಿ ನಿಷೇಧಿಸಿತ್ತು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯ ಆರಾಧನಾ ಸಂವಿಧಾನವು ಪೈಪ್ ಆರ್ಗನ್ನಿನ ಗೌರವವನ್ನು ಎತ್ತಿಹಿಡಿಯುತ್ತಲೇ ಯೋಗ್ಯವಾದ ಇತರ ವಾದ್ಯಗಳಿಗೂ ಆಯಾ ಪ್ರದೇಶದ ಅಧಿಕಾರಿಗಳ ಒಪ್ಪಿಗೆಯಿಂದ ಅವಕಾಶ ನೀಡಿತು. ಆ ನಡುವಣ ಕಾಲದಲ್ಲಿ ಪಿಯಾನೊದಲ್ಲಿ ಕಾರ್ಡ್ ಕಲಿತ ಕೈಗಳು ದೇವಾಲಯದಲ್ಲಿ ಆರ್ಗನ್ನನ್ನೋ ಹಾರ್ಮೋನಿಯಮನ್ನೋ ನುಡಿಸಿದವು.

ಪ್ಯಾರಿಸ್ಸಿನ ದೆಬೆಂ 1842ರಲ್ಲಿ ಹಕ್ಕುಪತ್ರ ಪಡೆದ ಹಾರ್ಮೋನಿಯಂ ಕಾಲಿನಿಂದ ಗಾಳಿ ತುಂಬುವಂಥದು; ಎರಡೂ ಕೈ ನುಡಿಸಲು ಬಿಡುವಾಗಿರುತ್ತಿದ್ದವು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅವರು ರೂಢಿಗೆ ತಂದ ಕೈ ಹಾರ್ಮೋನಿಯಮಿನಲ್ಲಿ ಒಂದು ಕೈ ತಿದಿಗೆ ಮೀಸಲು. ಎಡಗೈಯ ಕೆಳಸ್ವರವಿಲ್ಲದೆ ಬಲಗೈಯೊಂದೇ ರಾಗವನ್ನೂ ಸ್ವರಕೂಟವನ್ನೂ ನಿಭಾಯಿಸುವ ಜಾಣ್ಮೆ ನಮ್ಮ ಅನೇಕ ದೇವಾಲಯಗಳ ವಾದಕರಿಗೆ ಹೀಗೆಯೇ ಬಂದಿತು. ಗೋವೆಯ ಧರ್ಮಕೇಂದ್ರಗಳ ಶಾಲೆಗಳು ಸ್ವರಪಾಠವನ್ನು ಬಹು ಹಿಂದೆಯೇ ಕಲಿಸಿದ್ದವು. ಕೊಂಕಣಿಯ 'ಮಾಂಡೊ' ಗೀತೆಗಳಲ್ಲಿ ಎರಡನೆಯ ಧ್ವನಿ ಮೊದಲನೆಯದರ ಕೆಳಗೆ ಗಾಂಧಾರದ ಅಂತರದಲ್ಲಿ ಸಾಗುವುದು ಆ ಪಾಠದ ಫಲವೇ.

ಕನ್ನಡ ನಾಡಿನ ಮಟ್ಟಿಗೆ ಪಿಯಾನೊದ ಮಾತು ಬಂದಾಗ ಮೈಸೂರಿನ ಶ್ರೀ ಜಯಚಾಮರಾಜೇಂದ್ರ ಒಡೆಯರನ್ನು ಸ್ಮರಿಸದಿರಲಾಗದು. ಪಿಯಾನೊ ವಾದಕರಾಗಬೇಕೆಂಬ ಹಂಬಲವಿದ್ದ ಅವರು 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಶಿಯೇಟ್ ಪದವಿ ಪಡೆದರು. ರಷ್ಯಾದ ರಚನಕಾರ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಪೋಷಕರಾದರು. ಅದೇ ಕೈ ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನೂ ರಚಿಸಿತು. ಕಾರ್ಡ್ ಕಲಿತರೆ ನಮ್ಮ ರಾಗಸಂಗೀತದ ಕಿವಿ ಕೆಡುತ್ತದೆಂಬ ಭಯಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಇಂದಿನ ಕಲಿಕೆ

ಇಂದಿನ ಎಲೆಕ್ಟ್ರಾನಿಕ್ ಕೀಬೋರ್ಡ್‌ಗಳಲ್ಲಿ ಒಂದು ಗುಂಡಿಯನ್ನು ಅದುಮಿಟ್ಟು ಒಂದೇ ಬೆರಳಿನಿಂದ ಮೇಜರ್ ಕಾರ್ಡನ್ನೂ ಅದರ ಜೊತೆಗೆ ತಾಳವನ್ನೂ ಪಡೆಯಬಹುದು. ವಾದಕರಿಲ್ಲದ ಚಿಕ್ಕ ಧರ್ಮಕೇಂದ್ರಕ್ಕೆ ಇದು ಉಪಕಾರವೇ. ವಿಯಾದಾನ ಅವರೂ ಇಂಥದೇ ಕೊರತೆಗೆ ಉಪಾಯ ಹುಡುಕಿದವರು. ಆದರೆ ಅವರ ಉಪಾಯ ವಾದಕನ ಕಿವಿಯನ್ನು ಬೆಳೆಸಿತು. ಇದು ಕಿವಿಗೆ ಕೆಲಸವನ್ನೇ ಕೊಡುವುದಿಲ್ಲ. ಒಂದೇ ಬೆರಳಿನಲ್ಲಿ ನಿಂತುಹೋದ ವಿದ್ಯಾರ್ಥಿ ಗಾನವೃಂದದಲ್ಲಿ ನಡುಧ್ವನಿ ಜಾರಿದಾಗ ಅದನ್ನು ಗುರುತಿಸಲಾರನು, ಎತ್ತಿ ನಿಲ್ಲಿಸಲಾರನು.

ಹಾಗಾಗಿ ನೇಪಲ್ಸಿನ ಕ್ರಮವನ್ನೇ ಚಿಕ್ಕ ಪ್ರಮಾಣದಲ್ಲಿ ಅನುಸರಿಸಬೇಕೆಂದು ನಾವು ಸೂಚಿಸುತ್ತೇವೆ. ಮೊದಲು ಮೂರು ಸ್ವರಗಳನ್ನು ಒಂದೊಂದಾಗಿ ಹಾಡಬೇಕು. ಆಮೇಲೆ ಒಟ್ಟಿಗೆ ನುಡಿಸುತ್ತ, ನಡುವಿನ ಸ್ವರವನ್ನು ಮಾತ್ರ ಬಾಯಲ್ಲಿ ಹಿಡಿಯಬೇಕು. ನಡುಬೆರಳನ್ನು ಎತ್ತಿ, ಏನು ಹೋಯಿತೆಂದು ಕೇಳಬೇಕು. ಅನಂತರ ಕಾರ್ಡಿನಿಂದ ಕಾರ್ಡಿಗೆ ಸಾಗುವಾಗ ಕೈಯನ್ನು ಎತ್ತಿ ಕುಪ್ಪಳಿಸದೆ, ಎರಡಕ್ಕೂ ಸಮಾನವಾದ ಸ್ವರವನ್ನು ಹಿಡಿದುಕೊಳ್ಳಬೇಕು. ಸಿ ಇ ಜಿ ಎಂಬಲ್ಲಿಂದ ಎಫ್ ಕಾರ್ಡಿಗೆ ಹೋಗಲು ಸಿ ಅಲ್ಲೇ ಇರಲಿ. ಇ ಎಫ್‌ಗೂ, ಜಿ ಎಗೂ ಒಂದೊಂದು ಹೆಜ್ಜೆ ಏರಲಿ. ಜಿ ಕಾರ್ಡಿಗೆ ಹೋಗಲು ಜಿ ಅಲ್ಲೇ ಇರಲಿ. ಸಿ ಬಿಗೂ, ಇ ಡಿಗೂ ಒಂದೊಂದು ಹೆಜ್ಜೆ ಇಳಿಯಲಿ. ಎಫ್‌ನಿಂದ ಜಿಗೆ ಸಾಗುವಾಗ ಸಮಾನ ಸ್ವರವಿಲ್ಲ. ಅಲ್ಲಿ ಎಡಗೈ ಏರಿದರೆ ಬಲಗೈ ಇಳಿಯಲಿ. ಹೀಗೆ ಅಭ್ಯಾಸ ಮಾಡಿದವನ ಬೆರಳುಗಳು ಮೂವರು ಗಾಯಕರು ತಮ್ಮ ತಮ್ಮ ಸಾಲನ್ನು ಹಾಡಿದಂತೆಯೇ ಚಲಿಸುತ್ತವೆ.

ನಮ್ಮ ಗಾನವೃಂದದ ಅಟ್ಟದಲ್ಲಿ ಮುಂದೆ ಕುಳಿತುಕೊಳ್ಳಬೇಕಾದ ಬಾಲಕ ಬಾಲಕಿಯರಿಗೆ ಗುರುಹಿರಿಯರು ವಾದ್ಯವನ್ನು ಕೊಡಿಸಲಿ. ಅದಕ್ಕೆ ಮೊದಲು ಅವರಿಗೆ ಒಂದಿಷ್ಟು ಕಾಲ ಒಟ್ಟಿಗೆ ಹಾಡಲು ಅವಕಾಶ ಮಾಡಿಕೊಡಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇವೆ.